ಶಾಲೆಯ ಕ್ರೋಮ್‌ಬುಕ್‌ನಲ್ಲಿ ಡೆಬಿಯನ್: ಇದು ಸಾಧ್ಯವಾದದ್ದು ಹೇಗೆ, ಮುಂದೇನು ಮಾಡಲಿ?

ಟೆಕ್ಸಾಸ್_ತಂದೆ

ಎಲ್ಲರಿಗೂ ನಮಸ್ಕಾರ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಇಲ್ಲಿನ ಶಾಲೆಯವರು ಒಂದು ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್‌ಒಎಸ್ ಓಡುವ ಲ್ಯಾಪ್‌ಟಾಪ್) ಕೊಟ್ಟಿದ್ದಾರೆ. ಅದರಲ್ಲಿ ಶಾಲೆಯ ಖಾತೆಯ ಹೊರತು ಬೇರೆ ಖಾತೆಯಿಂದ ಒಳಹೋಗುವಂತಿಲ್ಲ, ಹೊಸದಾಗಿ ಏನನ್ನೂ ಹಾಕಿಕೊಳ್ಳುವಂತಿಲ್ಲ, ಕಟ್ಟುಪಾಡುಗಳನ್ನು ಸಡಿಲಿಸುವ ಡೆವಲಪರ್ ಮೋಡ್‌ಗೆ ಹೋಗಲು ಯತ್ನಿಸಿದರೆ ಶಾಲೆಯವರು ಅದನ್ನು ತಡೆದಿದ್ದಾರೆಂಬ ಸಂದೇಶ ಬರುತ್ತದೆ. ಹೀಗಿರುವಾಗ ಕಳೆದ ಭಾನುವಾರ ರಾತ್ರಿ ಊಟಕ್ಕೆ ಕರೆಯಲು ಅವನ ಕೋಣೆಗೆ ಹೋದರೆ, ಅದೇ ಯಂತ್ರದಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಓಡುತ್ತಿತ್ತು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪು, ಅದರ ಮೇಲೊಂದು ಟರ್ಮಿನಲ್, ಟರ್ಮಿನಲ್‌ನಲ್ಲಿ ಅವನದೊಂದು ಪೈಥಾನ್ ಪ್ರೋಗ್ರಾಂ. ಊರಿನ ಫೋಟೋಗಳನ್ನು ತುಂಬಿಸಿಡಲೆಂದು ನಾನು ತಂದಿಟ್ಟಿದ್ದ 64 ಜಿಬಿಯ ಪೆನ್ ಡ್ರೈವ್ ಪಕ್ಕದಲ್ಲಿ ಮಿಣುಕುತ್ತಿತ್ತು.

ಗದರಲು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟೆ. ಅವನು ಪೆನ್ ಡ್ರೈವ್ ಕಿತ್ತು, ಒಂದೆರಡು ಗುಂಡಿ ಒತ್ತಿ, ಶಾಲೆಯ ಲಾಗಿನ್ ಪರದೆಯನ್ನು ಮರಳಿ ತಂದು ತೋರಿಸಿ, 'ನೋಡಪ್ಪ, ಒಳಗಿನದನ್ನು ನಾನು ಮುಟ್ಟೇ ಇಲ್ಲ' ಎಂದ. ನಾನು ಹದಿನೆಂಟು ವರ್ಷಗಳಿಂದ ಸರ್ವರ್‌ಗಳಿಗೆ ಕೋಡ್ ಬರೆಯುತ್ತಿದ್ದೇನೆ, ಆದರೆ ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶವಾದ ಫರ್ಮ್‌ವೇರ್ ವಿಷಯದಲ್ಲಿ ನನ್ನ ತಿಳಿವಳಿಕೆ ಸೊನ್ನೆ. ಬೀಗ ಹಾಕಿದ ಯಂತ್ರದಲ್ಲಿ ಇದು ಸಾಧ್ಯವಾದದ್ದು ಹೇಗೆ, ನಿಜವಾಗಿಯೂ ಒಳಗೇನೂ ಕೆಟ್ಟಿಲ್ಲವೇ, ಶಾಲೆಗೆ ನಾನಾಗಿ ತಿಳಿಸಬೇಕೇ ಎಂಬುದನ್ನು ಬಲ್ಲವರು ಹೇಳಬೇಕೆಂದು ಕೋರುತ್ತೇನೆ.

ಫರ್ಮ್‌ವೇರ್_ಕೆಲಸಗಾರ

ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಕ್ರೋಮ್‌ಬುಕ್ ಚಾಲೂ ಆದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್‌ನ ಚಿಪ್ಪಿನಲ್ಲಿ ತಿದ್ದಲಾಗದಂತೆ ಬರೆದಿಟ್ಟ ಒಂದು ಸಣ್ಣ ಫರ್ಮ್‌ವೇರ್. ಅದರೊಳಗೆ ಗೂಗಲ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ಇರುತ್ತದೆ. ಆ ಫರ್ಮ್‌ವೇರ್ ತನ್ನ ಮುಂದಿನ ಹಂತದ ಸಹಿಯನ್ನು ಪರೀಕ್ಷಿಸುತ್ತದೆ, ಆ ಹಂತವು ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನ ಸಹಿಯನ್ನು ಪರೀಕ್ಷಿಸುತ್ತದೆ, ಕರ್ನಲ್ ತಾನು ಓದುವ ಡಿಸ್ಕಿನ ಒಂದೊಂದು ಬ್ಲಾಕನ್ನೂ ತಾಳೆ ನೋಡುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಯಂತ್ರ ಮುಂದೆ ಹೋಗದು. ತಮಾಷೆಯೆಂದರೆ ಇಷ್ಟೆಲ್ಲ ಕಾವಲಿನೊಳಗೆ ಕುಳಿತಿರುವುದೂ ಲಿನಕ್ಸೇ. ಕ್ರೋಮ್‌ಒಎಸ್ ಅನ್ನು ಕಟ್ಟುವುದು ಜೆಂಟೂ ಲಿನಕ್ಸಿನ ಪೋರ್ಟೇಜ್ ಸಲಕರಣೆಗಳಿಂದ. ಹಾಗಾಗಿ ನಿಮ್ಮ ಮಗ ಒಂದು ಲಿನಕ್ಸನ್ನು ಬದಿಗಿರಿಸಿ ಇನ್ನೊಂದನ್ನು ಕೂರಿಸಿದ್ದಾನೆ, ಅಷ್ಟೆ.

ಈಗ ಸಡಿಲು ಕೊಂಡಿಯ ವಿಷಯ. ಕೆಟ್ಟ ಯಂತ್ರವನ್ನು ರಿಪೇರಿ ಕೇಂದ್ರದಲ್ಲಿ ಬೇರೆ ಮದರ್‌ಬೋರ್ಡ್ ಹಾಕಿ ಸರಿಪಡಿಸಿದಾಗ ಅದಕ್ಕೆ ಕ್ರಮಸಂಖ್ಯೆ ಬರೆಯಬೇಕು, ಭಾಗಗಳನ್ನು ಪರೀಕ್ಷಿಸಬೇಕು. ಇದಕ್ಕಾಗಿ ಪ್ರತಿ ಬೋರ್ಡಿಗೂ ಪೆನ್ ಡ್ರೈವಿಗೆ ಬರೆದುಕೊಳ್ಳುವ, ಸಹಿ ಹಾಕಿದ ಒಂದು ತಂತ್ರಾಂಶ ಇರುತ್ತದೆ, ಅದನ್ನು ಷಿಮ್ ಎನ್ನುತ್ತಾರೆ. ರಿಪೇರಿಯವರ ಸಲಕರಣೆಯಾದ್ದರಿಂದ ಅದು ಶಾಲೆಯ ಹಿಡಿತಕ್ಕೆ ನೋಂದಾಯಿತವಾದ ಯಂತ್ರದಲ್ಲೂ ಬೂಟ್ ಆಗಲೇಬೇಕು. ಆದರೆ ಅದನ್ನು ಬೂಟ್ ಮಾಡುವಾಗ ಕರ್ನಲ್‌ನ ಸಹಿಯನ್ನು ಮಾತ್ರ ನೋಡಲಾಗುತ್ತದೆ, ಕರ್ನಲ್‌ನ ಬೆನ್ನಿಗಿರುವ ಕಡತವ್ಯವಸ್ಥೆಯನ್ನು ಯಾರೂ ತಾಳೆ ನೋಡುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಚಾಲಕನ ಲೈಸೆನ್ಸ್ ನೋಡಿ, ಲಾರಿಯ ಟಾರ್ಪಾಲು ಎತ್ತದೆ ಬಿಟ್ಟುಕಳಿಸಿದ ಹಾಗೆ. ಇಂತಹ ಷಿಮ್‌ಗಳು ಹೇಗೋ ಹೊರಬಂದವು. 2023ರ ಜನವರಿಯಲ್ಲಿ ಈ ದಾರಿಯಿಂದ ಶಾಲೆಯ ನೋಂದಣಿಯನ್ನೇ ಕಳಚುವ ಉಪಾಯವೊಂದು ಬಹಿರಂಗವಾಯಿತು. ಆನಂತರ ಬೇರೆಯವರು ಅದೇ ಟಾರ್ಪಾಲಿನಡಿ ಡೆಬಿಯನ್ ತುಂಬಿ ಷಿಮ್‌ಬೂಟ್ ಎಂಬ ಯೋಜನೆ ಮಾಡಿದರು. ನಿಮ್ಮ ಮಗ ಬಳಸಿದ್ದು ಇದನ್ನೇ ಇರಬೇಕು, ಏಕೆಂದರೆ ಒಳಗಿನ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಓಡುವುದು ಅದರ ಲಕ್ಷಣ.

ಒಂದು ತಿದ್ದುಪಡಿ. ಅಲ್ಲಿ ಓಡುತ್ತಿರುವುದು ಡೆಬಿಯನ್ ಎನ್ನುವುದು ಮುಕ್ಕಾಲು ಪಾಲು ನಿಜ. ಕರ್ನಲ್ ಗೂಗಲ್‌ನ ರಿಪೇರಿ ಕರ್ನಲ್ಲೇ, ಸಹಿ ಅದಕ್ಕೆ ಮಾತ್ರ ಇರುವುದರಿಂದ ಅದನ್ನು ಬದಲಿಸಲಾಗದು. ಹೀಗಾಗಿ ಮುಚ್ಚಳ ಮುಚ್ಚಿದರೆ ಯಂತ್ರ ನಿದ್ರೆಗೆ ಹೋಗುವುದಿಲ್ಲ, ಕೆಲವು ಬೋರ್ಡುಗಳಲ್ಲಿ ಧ್ವನಿ ಬರುವುದಿಲ್ಲ. ಅದೂ ಅಲ್ಲದೆ ಈಚಿನ ಅಪ್‌ಡೇಟ್‌ಗಳು ಭದ್ರತಾ ಚಿಪ್ಪಿನಲ್ಲಿರುವ ಕೀಲಿಯ ಆವೃತ್ತಿಸಂಖ್ಯೆಯನ್ನು ಏರಿಸಿ ಹಳೆಯ ಷಿಮ್‌ಗಳನ್ನು ನಿರಾಕರಿಸುತ್ತಿವೆ. ಒಂದು ಬೆಳಗ್ಗೆ ಈ ಬಾಗಿಲು ತಾನಾಗಿ ಮುಚ್ಚಿಕೊಂಡರೆ ಅವನಿಗೆ ಆಶ್ಚರ್ಯವಾಗದಿರಲಿ.

ನ್ಯೂಜೆರ್ಸಿ_ಶಾಲಾಐಟಿ

ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತವನು. ನ್ಯೂಜೆರ್ಸಿಯ ಒಂದು ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದಲ್ಲಿ) ಇಂತಹ ಯಂತ್ರಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಹಿಂದಿನ ಬರಹದಲ್ಲಿರುವ ತಾಂತ್ರಿಕ ವಿವರ ಸರಿಯಾಗಿದೆ, ಆದರೆ ಓದಿದವರಿಗೆ ಈ ಬೀಗವು ಯಾರದೋ ಹಟದಿಂದ ಬಂದದ್ದೆಂಬ ಭಾವನೆ ಬರಬಾರದು. 2000ನೇ ಇಸವಿಯಲ್ಲಿ ಅಮೆರಿಕದ ಕಾಂಗ್ರೆಸ್ ಮಕ್ಕಳ ಅಂತರಜಾಲ ರಕ್ಷಣೆಗಾಗಿ ಸಿಪಾ ಎಂಬ ಕಾಯಿದೆಯನ್ನು ಮಾಡಿತು. ಇ-ರೇಟ್ ಎಂಬ ಕೇಂದ್ರ ಯೋಜನೆಯಡಿ ಅಂತರಜಾಲ ಸಂಪರ್ಕಕ್ಕೆ ರಿಯಾಯಿತಿ ಪಡೆಯುವ ಶಾಲೆ ಅಶ್ಲೀಲ ದೃಶ್ಯಗಳನ್ನು ತಡೆಯುವ ಫಿಲ್ಟರ್ ಇಡಲೇಬೇಕು. ಫಿಲ್ಟರ್ ಇಲ್ಲವೆಂದರೆ ರಿಯಾಯಿತಿ ಇಲ್ಲ. ನಮ್ಮಂತಹ ಡಿಸ್ಟ್ರಿಕ್ಟಿಗೆ ಅದು ಚಿಲ್ಲರೆ ಹಣವಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಯಂತ್ರದ ಕ್ರಮಸಂಖ್ಯೆ ಗೂಗಲ್‌ನ ಸರ್ವರ್‌ನಲ್ಲಿ ನಮ್ಮ ಡಿಸ್ಟ್ರಿಕ್ಟಿನ ಹೆಸರಿಗೆ ನೋಂದಣಿಯಾಗಿರುತ್ತದೆ. ಯಂತ್ರವನ್ನು ಪೂರ್ತಿ ಅಳಿಸಿದರೂ ಮತ್ತೆ ವೈಫೈ ಸಿಕ್ಕ ಕೂಡಲೇ ಅದು ಸರ್ವರನ್ನು ಕೇಳಿ ಮರುನೋಂದಣಿ ಮಾಡಿಕೊಳ್ಳುತ್ತದೆ. ಪೆನ್ ಡ್ರೈವಿನಿಂದ ಓಡಿಸಿದ್ದಷ್ಟೇ ಆದರೆ ಒಳಗೆ ಕೆಡುವಂಥದ್ದು ಬಹುಮಟ್ಟಿಗೆ ಏನೂ ಇಲ್ಲ. ನಮ್ಮ ಪರದೆಯಲ್ಲಿ ಕಾಣುವುದು ಇಷ್ಟೇ: ಈ ಯಂತ್ರ ಇಂತಹ ದಿನದಿಂದ ವರದಿ ಕಳಿಸಿಲ್ಲ. ವಾರಗಟ್ಟಲೆ ಮೌನವಾಗಿರುವ ಯಂತ್ರ ಕಳೆದುಹೋಗಿರಬೇಕು, ಒಡೆದಿರಬೇಕು, ಇಲ್ಲವೇ ಯಾರೋ ಹುಡುಗನ ಜಾಣತನಕ್ಕೆ ಸಿಕ್ಕಿರಬೇಕು.

ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿದೆ. ವರ್ಷದ ಆರಂಭದಲ್ಲಿ ನೀವೂ ಮಗನೂ ಬಳಕೆಯ ನಿಯಮಗಳಿಗೆ ಸಹಿ ಹಾಕಿರುತ್ತೀರಿ. ಅದನ್ನು ತೆಗೆದು ಓದಿ, ಮಗನಿಗೂ ಓದಿಸಿ, ಪೆನ್ ಡ್ರೈವನ್ನು ಪಕ್ಕಕ್ಕಿಡಿಸಿ, ನೀವೇ ಒಂದು ಮೇಲ್ ಬರೆಯಿರಿ. ತಂದೆಯ ಪತ್ರ ಮೊದಲು ಬಂದರೆ ನಾವು ಹುಡುಗನನ್ನು ಕರೆದು ಮಾತಾಡುತ್ತೇವೆ. ನಾವೇ ಕಂಡುಹಿಡಿದರೆ ಶಿಸ್ತಿನ ನಮೂನೆ ತುಂಬಬೇಕಾಗುತ್ತದೆ, ಆಮೇಲೆ ಅದು ನನ್ನ ಕೈಯಲ್ಲಿ ಇರುವುದಿಲ್ಲ.

ಹಳೇ_ಡೆಬಿಯನ್

ಶಾಲಾ ಐಟಿಯವರ ಸಲಹೆಯನ್ನು ಒಪ್ಪುತ್ತೇನೆ, ಅವರ ವಾದವನ್ನು ಪೂರ್ತಿ ಒಪ್ಪಲಾರೆ. ಕಾಯಿದೆ ಕೇಳುವುದು ಫಿಲ್ಟರನ್ನು. ಮಗು ಟರ್ಮಿನಲ್ ತೆರೆಯಬಾರದೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಫಿಲ್ಟರಿಗೂ ಸಂಪೂರ್ಣ ಬೀಗಕ್ಕೂ ನಡುವೆ ಬಹಳ ದೊಡ್ಡ ಮೈದಾನವಿದೆ. ಪೆನ್ಸಿಲ್ವೇನಿಯಾ ಒಂದೇ ರಾಜ್ಯದ ಎರಡು ಡಿಸ್ಟ್ರಿಕ್ಟುಗಳು ಆ ಮೈದಾನದ ಎರಡು ತುದಿಗಳಲ್ಲಿ ನಿಂತದ್ದನ್ನು ನೆನಪಿಸುತ್ತೇನೆ.

ಫಿಲಡೆಲ್ಫಿಯಾದ ಮಗ್ಗುಲಿನ ಲೋಯರ್ ಮೆರಿಯನ್ ಡಿಸ್ಟ್ರಿಕ್ಟ್ ತನ್ನ ಹೈಸ್ಕೂಲು ಮಕ್ಕಳಿಗೆ ಮ್ಯಾಕ್‌ಬುಕ್‌ಗಳನ್ನು ಕೊಟ್ಟಿತ್ತು. ಅವುಗಳಲ್ಲಿ ಕಳುವಾದರೆ ಪತ್ತೆಹಚ್ಚಲೆಂದು ದೂರದಿಂದ ಕ್ಯಾಮೆರಾ ಚಾಲೂ ಮಾಡುವ ವ್ಯವಸ್ಥೆ ಇತ್ತು. ಮಗುವೊಂದು ತನ್ನ ಮನೆಯ ಕೋಣೆಯಲ್ಲಿದ್ದಾಗಲೂ ಆ ಕ್ಯಾಮೆರಾ ಚಿತ್ರ ತೆಗೆದದ್ದು ಹೊರಬಂದು, 2010ರ ಫೆಬ್ರವರಿಯಲ್ಲಿ ಮೊಕದ್ದಮೆ ಹೂಡಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ಟ್ರಿಕ್ಟ್ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಯಂತ್ರಗಳೊಳಗೆ ಏನು ಓಡುತ್ತಿದೆಯೆಂದು ನೋಡುವ ಅಧಿಕಾರ ಮಕ್ಕಳಿಗಿರಲಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಲ್ಯಾಂಕಾಸ್ಟರ್ ಪ್ರದೇಶದ ಪೆನ್ ಮ್ಯಾನರ್. 2014ರ ಜನವರಿಯಲ್ಲಿ ಅಲ್ಲಿನ ಹೈಸ್ಕೂಲಿನ ಸುಮಾರು 1,700 ಮಕ್ಕಳಿಗೆ ಉಬುಂಟು ಹಾಕಿದ ಲ್ಯಾಪ್‌ಟಾಪುಗಳನ್ನು ಕೊಟ್ಟರು. ಕೊಟ್ಟದ್ದು ಮಾತ್ರವಲ್ಲ, ಸುಡೊ ಅಧಿಕಾರವನ್ನೂ ಕೊಟ್ಟರು. ಅಂದರೆ ಬೇಕಾದ ತಂತ್ರಾಂಶವನ್ನು ಮಗು ತಾನೇ ಹಾಕಿಕೊಳ್ಳಬಹುದು, ಕೆಡಿಸಿಯೂ ಕೊಳ್ಳಬಹುದು. ಕೆಟ್ಟದ್ದನ್ನು ಸರಿಪಡಿಸುವ ಸಹಾಯ ಮೇಜಿನಲ್ಲಿ ಕೂತವರೂ ವಿದ್ಯಾರ್ಥಿಗಳೇ. ಆ ಶಾಲೆಯಲ್ಲಿ ಓದಿದ್ದರೆ ಟೆಕ್ಸಾಸ್ ತಂದೆಯವರ ಮಗ ಆ ಮೇಜಿನ ಹಿಂದೆ ಕುಳಿತಿರುತ್ತಿದ್ದ, ಅವನ ತಂದೆ ಇಲ್ಲಿ ಈ ಪ್ರಶ್ನೆ ಕೇಳುತ್ತಿರಲಿಲ್ಲ.

ನ್ಯೂಜೆರ್ಸಿ_ಶಾಲಾಐಟಿ

ಪೆನ್ ಮ್ಯಾನರ್ ಕಥೆ ನನಗೂ ಪ್ರಿಯವಾದದ್ದೇ. ಆದರೆ ಅಲ್ಲಿ ಹಾಗೆ ಮಾಡಬೇಕೆಂದು ಹೊರಟ ಒಂದು ತಂಡವಿತ್ತು. ನಮ್ಮಲ್ಲಿ ಸಾವಿರಾರು ಯಂತ್ರಗಳಿಗೆ ನಾವು ಮೂವರು. ಒಂದು ಕ್ರೋಮ್‌ಬುಕ್ ಕೆಟ್ಟರೆ ಅಳಿಸಿ, ವೈಫೈಗೆ ಸೇರಿಸಿ, ಹತ್ತು ನಿಮಿಷದಲ್ಲಿ ಮಗುವಿನ ಕೈಗೆ ಮರಳಿ ಕೊಡಬಹುದೆಂಬ ಒಂದೇ ಕಾರಣಕ್ಕೆ ನಾವು ಮೂವರೂ ಸಂಜೆ ಮನೆಗೆ ಹೋಗುತ್ತಿದ್ದೇವೆ.

ಕಾಸರಗೋಡಿನ_ಅಧ್ಯಾಪಕಿ

ಈ ಚರ್ಚೆಯನ್ನು ಓದುತ್ತಾ ನನಗೆ ಸ್ವಲ್ಪ ವಿಚಿತ್ರವೆನಿಸಿತು, ಏಕೆಂದರೆ ನೀವೆಲ್ಲ ಅಪರೂಪವೆಂಬಂತೆ ಮಾತಾಡುತ್ತಿರುವ ಲಿನಕ್ಸೇ ನಮ್ಮಲ್ಲಿ ಪಠ್ಯಕ್ರಮ. ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಜೊತೆಗೆ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅವರು ಉಬುಂಟುವಿನ ಮೇಲೆ ಕಟ್ಟಿಕೊಡುವ ಕೈಟ್ ಗ್ನು/ಲಿನಕ್ಸ್ ನಮ್ಮ ಲ್ಯಾಬಿನ ಎಲ್ಲ ಲ್ಯಾಪ್‌ಟಾಪುಗಳಲ್ಲಿದೆ. ಜಿಯೋಜೀಬ್ರಾ, ಲಿಬ್ರೆಆಫೀಸ್, ಇಂಕ್‌ಸ್ಕೇಪ್ ಎಲ್ಲವೂ ಅದರೊಂದಿಗೇ ಬರುತ್ತವೆ, ಐಸಿಟಿ ಪಠ್ಯಪುಸ್ತಕ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಇದೆ.

ಬೀಗ ನಮ್ಮಲ್ಲೂ ಇದೆ, ಇಲ್ಲವೆನ್ನಲಾರೆ. ಆಡಳಿತದ ಗುಪ್ತಪದ ಇರುವುದು ನನ್ನ ಡೈರಿಯ ಕೊನೆಯ ಪುಟದಲ್ಲಿ. ಕಳೆದ ವರ್ಷ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಆ ಪುಟವನ್ನು ನೋಡದೆಯೇ ರಿಕವರಿ ಮೋಡಿನಿಂದ ಗುಪ್ತಪದವನ್ನು ಬದಲಿಸಿಬಿಟ್ಟಿದ್ದರು. ನಾನು ಒಳಗೆ ಹೋಗಲಾಗದೆ ತಡಕಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಆ ಇಬ್ಬರನ್ನೂ ಮುಂದೆ ಕರೆದು ಪೆನ್ ಡ್ರೈವ್ ಕೈಗೆ ಕೊಟ್ಟು, ಇಡೀ ವ್ಯವಸ್ಥೆಯನ್ನು ಹೊಸದಾಗಿ ಹಾಕಿಸಿ, ಆಮೇಲೆ ಲ್ಯಾಬಿನ ಉಳಿದ ಯಂತ್ರಗಳಿಗೂ ಅವರಿಂದಲೇ ಹಾಕಿಸಿದೆ. ನಾಲ್ಕನೆಯ ಯಂತ್ರದ ಹೊತ್ತಿಗೆ ಅವರಿಗೆ ಬೇಸರ ಬಂದಿತ್ತು. ಈಗ ಅವರಿಬ್ಬರೂ ನಮ್ಮ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕೂಟದ ಘಟಕದಲ್ಲಿದ್ದಾರೆ, ಪ್ರೊಜೆಕ್ಟರ್ ಕೈಕೊಟ್ಟರೆ ಬೇರೆ ಅಧ್ಯಾಪಕರು ನನ್ನನ್ನು ಬಿಟ್ಟು ಅವರನ್ನು ಕೂಗುತ್ತಾರೆ.

ಹಳೇ_ಡೆಬಿಯನ್

ಮೇಡಂ, ನಿಮ್ಮ ಮಾತಿನಿಂದ ಇನ್ನೊಂದು ನೆನಪಾಯಿತು. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸ್ ಕೂಡ ಇತ್ತು. ಆ ಯಂತ್ರ ಮಗುವಿಗೆ ಎರವಲು ಕೊಟ್ಟದ್ದಲ್ಲ, ಕೊಟ್ಟೇಬಿಟ್ಟದ್ದು. ಎರಡರಲ್ಲಿ ಒಂದನ್ನು ಅಳಿಸಿ ಮೂರನೆಯದನ್ನು ಹಾಕಿಕೊಂಡರೆ ಕೇಳುವವರಿರಲಿಲ್ಲ. ಟೆಕ್ಸಾಸ್ ತಂದೆಯವರ ಮನೆಯ ತೊಡಕು ಇಲ್ಲಿಯೇ ಇದೆ. ಹುಡುಗನ ಕೌಶಲದಲ್ಲಿ ದೋಷವಿಲ್ಲ, ಲಿನಕ್ಸಿನಲ್ಲಿ ದೋಷವಿಲ್ಲ, ಯಂತ್ರ ಮಾತ್ರ ಅವನದಲ್ಲ. ಅವನದೇ ಒಂದು ಯಂತ್ರ ತಂದುಕೊಡಿ.

ರಿಪೇರಿ_ಮೇಜು

ಆ ಕೊನೆಯ ವಾಕ್ಯಕ್ಕೆ ನಾನು ಕೆಲವು ವಿವರ ಸೇರಿಸಬಲ್ಲೆ. ಶಾಲೆಗಳು ಹಳೆಯ ಕ್ರೋಮ್‌ಬುಕ್‌ಗಳನ್ನು ಹರಾಜಿನಲ್ಲಿ ರಾಶಿರಾಶಿಯಾಗಿ ಮಾರುತ್ತವೆ. ಅಪ್‌ಡೇಟ್ ನಿಂತುಹೋದದ್ದು ಅದಕ್ಕೆ ಒಂದು ಮುಖ್ಯ ಕಾರಣ. 2023ರ ಸೆಪ್ಟೆಂಬರಿನಲ್ಲಿ ಗೂಗಲ್ ಈ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತಾದರೂ, ಅದಕ್ಕೂ ಮೊದಲಿನ ಬಹಳಷ್ಟು ಮಾದರಿಗಳು ಅಷ್ಟರಲ್ಲಾಗಲೇ ಗುಜರಿಯ ದಾರಿ ಹಿಡಿದಿದ್ದವು. ಸಾಧಾರಣವಾಗಿ ಇವುಗಳಲ್ಲಿ 4 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ ಇರುತ್ತದೆ, ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಹುಡುಗನ ಪೈಥಾನಿಗೆ ಇಷ್ಟು ಧಾರಾಳ.

ಕೊಳ್ಳುವಾಗ ಇಂಟೆಲ್ ಪ್ರೊಸೆಸರ್ ಇರುವ ಮಾದರಿಯನ್ನೇ ಆರಿಸಿ, ಎಆರ್‌ಎಂ ಪ್ರೊಸೆಸರಿನವುಗಳ ಗೊಡವೆಗೆ ಹೋಗಬೇಡಿ. ಫರ್ಮ್‌ವೇರ್ ಚಿಪ್ಪಿಗೆ ಬರವಣಿಗೆ ತಡೆ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು ಮದರ್‌ಬೋರ್ಡಿನ ಮೇಲಿನ ಒಂದು ಸ್ಕ್ರೂ, ಅದನ್ನು ಬಿಚ್ಚಿದರೆ ಸಾಕು. ನಂತರದ ಅನೇಕ ಮಾದರಿಗಳಲ್ಲಿ ಭದ್ರತಾ ಚಿಪ್ಪು ಬ್ಯಾಟರಿ ಇದೆಯೇ ಎಂದು ನೋಡುತ್ತದೆ. ಬ್ಯಾಟರಿಯ ಕನೆಕ್ಟರ್ ಬಿಡಿಸಿ ಚಾರ್ಜರಿನ ಮೇಲೆ ಚಾಲೂ ಮಾಡಿದರೆ ತಡೆ ತೆರೆಯುತ್ತದೆ. ಯಂತ್ರ ನಿಮ್ಮದೇ ಆದಾಗ ಇದೆಲ್ಲ ತೆರೆದ ಬಾಗಿಲು, ಯಾರ ಷಿಮ್ಮೂ ಬೇಡ. ಮಿಸ್ಟರ್‌ಕ್ರೋಮ್‌ಬಾಕ್ಸ್ ಎಂಬ ಯೋಜನೆಯವರ ಯುಇಎಫ್‌ಐ (ಸಾಮಾನ್ಯ ಪಿಸಿಗಳ ಬಗೆಯ) ಫರ್ಮ್‌ವೇರ್ ಹಾಕಿದ ಮೇಲೆ ಅದು ಬೇರೆಲ್ಲ ಲ್ಯಾಪ್‌ಟಾಪುಗಳ ಹಾಗೆ ಡೆಬಿಯನ್‌ನ ಮೂಲ ಪೆನ್ ಡ್ರೈವಿನಿಂದಲೇ ಬೂಟ್ ಆಗುತ್ತದೆ, ಅದರದೇ ಕರ್ನಲ್ಲಿನೊಂದಿಗೆ. ಹಾಕುವ ಮೊದಲು ಮೂಲ ಫರ್ಮ್‌ವೇರಿನ ಪ್ರತಿಯನ್ನು ಇನ್ನೊಂದು ಪೆನ್ ಡ್ರೈವಿನಲ್ಲಿ ಎತ್ತಿಟ್ಟುಕೊಳ್ಳುವುದನ್ನು ಮರೆಯಬೇಡಿ. ಒಮ್ಮೆ ನಾನು ಮರೆತು, ಚಿಪ್ಪಿಗೆ ಕ್ಲಿಪ್ ಹಚ್ಚಿ ಬೇರೊಂದು ಯಂತ್ರದಿಂದ ಬರೆಯುತ್ತಾ ಇಡೀ ಶನಿವಾರ ಕಳೆದಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಅಳಿಸಿದ ಮೇಲೆ ಕಾಣುವ ಮೊದಲ ಪರದೆಯ ಫೋಟೋವನ್ನು ಮಾರುವವರಿಂದ ಕೇಳಿ ಪಡೆಯಿರಿ. ಹಳೆಯ ಶಾಲೆ ನೋಂದಣಿಯನ್ನು ಬಿಡಿಸದೆ ಮಾರಿದ್ದರೆ ಆ ಯಂತ್ರ ಈಗಲೂ ಆ ಶಾಲೆಯದೇ.

ಟೆಕ್ಸಾಸ್_ತಂದೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ನ್ಯೂಜೆರ್ಸಿಯವರು ಹೇಳಿದಂತೆ ಶಾಲೆಗೆ ಮೇಲ್ ಬರೆದೆ, ಮಗನೂ ಅದರ ಕೆಳಗೆ ಎರಡು ಸಾಲು ಸೇರಿಸಿದ. ತಾಂತ್ರಿಕ ವಿಭಾಗದವರು ಅವನನ್ನು ಕರೆಸಿ, ಹೇಗೆ ಮಾಡಿದೆ ಎಂದು ಅರ್ಧ ಗಂಟೆ ಕೇಳಿ, ಯಂತ್ರವನ್ನು ಅಳಿಸಿ ವಾಪಸು ಕೊಟ್ಟರು. ಮತ್ತೊಮ್ಮೆ ಹೀಗಾದರೆ ಯಂತ್ರ ಹಿಂಪಡೆಯುತ್ತೇವೆಂದೂ ಸ್ಪಷ್ಟವಾಗಿ ಹೇಳಿದರು.

ಆನಂತರ 45 ಡಾಲರಿಗೆ ಒಂದು ಹಳೆಯ ಕ್ರೋಮ್‌ಬುಕ್ ಕೊಂಡೆ. ರಿಪೇರಿ ಮೇಜಿನವರ ಎಚ್ಚರಿಕೆಯನ್ನು ಓದಿಯೂ ಫೋಟೋ ಕೇಳಲು ಸಂಕೋಚಪಟ್ಟುಕೊಂಡೆ, ಅದರ ಫಲ ಉಂಡೆ. ಪೆಟ್ಟಿಗೆ ತೆರೆದು ವೈಫೈಗೆ ಸೇರಿಸಿದ ಕೂಡಲೇ ಎಂದೂ ಕೇಳಿರದ ಊರಿನ ಡಿಸ್ಟ್ರಿಕ್ಟ್ ಒಂದರ ಹೆಸರು ಪರದೆಯಲ್ಲಿ ಮೂಡಿತು. 'ಅಪ್ಪ, ಷಿಮ್ ಹಾಕಿದರೆ ಐದು ನಿಮಿಷದ ಕೆಲಸ' ಎಂದ ಮಗ. ಬೇಡವೆಂದು, ಕೊಂಡ ರಸೀದಿಯನ್ನೂ ಕ್ರಮಸಂಖ್ಯೆಯನ್ನೂ ಲಗತ್ತಿಸಿ ಆ ಡಿಸ್ಟ್ರಿಕ್ಟಿಗೆ ಅವನಿಂದಲೇ ಪತ್ರ ಬರೆಸಿದೆ. ಆರು ದಿನ ಉತ್ತರವಿರಲಿಲ್ಲ. ಏಳನೆಯ ದಿನ ಒಂದು ಸಾಲಿನ ಉತ್ತರ ಬಂತು: ಪಟ್ಟಿಯಿಂದ ತೆಗೆದಿದ್ದೇವೆ, ಮತ್ತೊಮ್ಮೆ ಅಳಿಸಿ ನೋಡಿ. ಅಳಿಸಿದೆವು, ಹೆಸರು ಹೋಗಿತ್ತು.

ಹಿಂಬದಿಯ ಸ್ಕ್ರೂಗಳನ್ನು ಅಡುಗೆಮನೆಯ ಮೇಜಿನ ಮೇಲೆ ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದರಂತೆ ಜೋಡಿಸಿಟ್ಟು, ಬ್ಯಾಟರಿಯ ಕನೆಕ್ಟರನ್ನು ಅವನೇ ಉಗುರಿನಿಂದ ಎಬ್ಬಿಸಿದ. ಈಗ ಅದರಲ್ಲಿ ಡೆಬಿಯನ್ 12 ಇದೆ. ಕನ್ನಡ ಅಕ್ಷರಗಳಿಗಾಗಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜು ಹಾಕಿ ಕೀಲಿಮಣೆಯಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಆರಿಸಿದ ಮೇಲೆ ಅವನು ಅಜ್ಜಿಗೆ ನಾಲ್ಕು ಸಾಲಿನ ಮೇಲ್ ಕೂಡ ಬರೆದ. ಒತ್ತಕ್ಷರ ಎಲ್ಲಿ ಎಂದು ನಾಲ್ಕು ಸಲ ಕೇಳಿದ. ಒಂದೇ ತೊಂದರೆ ಉಳಿದಿದೆ: ಸ್ಪೀಕರಿನಿಂದ ಧ್ವನಿ ಬರುತ್ತಿಲ್ಲ. ಪ್ರೊಸೆಸರ್ ಸೆಲೆರಾನ್ ಎನ್4020.

ಫರ್ಮ್‌ವೇರ್_ಕೆಲಸಗಾರ

ಅದು ಜೆಮಿನಿ ಲೇಕ್ ಪೀಳಿಗೆಯದು, ಧ್ವನಿಗೆ ಎಸ್‌ಒಎಫ್ ಎಂಬ ಧ್ವನಿ ಫರ್ಮ್‌ವೇರ್ ಬೇಕು. ಡೆಬಿಯನ್ 12ರಲ್ಲಿ ಅದು ನಾನ್-ಫ್ರೀ-ಫರ್ಮ್‌ವೇರ್ ವಿಭಾಗದಲ್ಲಿ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್ ಎಂಬ ಹೆಸರಿನಲ್ಲಿದೆ. ಅದನ್ನು ಹಾಕಿ ಮರುಚಾಲೂ ಮಾಡಿ. ಆಗಲೂ ಬರದಿದ್ದರೆ ಕ್ರೋಮ್‌ಬುಕ್‌ಗಳಿಗೆಂದೇ ಬಳಕೆದಾರರು ಸಿದ್ಧಪಡಿಸಿರುವ ಯುಸಿಎಂ ಎಂಬ ಧ್ವನಿ ಸಂರಚನೆಗಳನ್ನು ಸೇರಿಸಬೇಕಾಗುತ್ತದೆ. ಮೊದಲ ಸಲ ಕೇಳುವಾಗ ಧ್ವನಿಯನ್ನು ಬಹಳ ತಗ್ಗಿಸಿಡಿ, ಕೆಲವು ಮಾದರಿಗಳಲ್ಲಿ ತಪ್ಪು ಸಂರಚನೆಯಿಂದ ಸ್ಪೀಕರ್ ಸುಟ್ಟದ್ದುಂಟು.

ಟೆಕ್ಸಾಸ್_ತಂದೆ

ಪ್ಯಾಕೇಜು ಹಾಕಿದರೂ ಬರಲಿಲ್ಲ, ಸಂರಚನೆ ಸೇರಿಸಿದ ಮೇಲೆ ಬಂತು. ಧ್ವನಿ ತಗ್ಗಿಸಿಯೇ ಇಟ್ಟಿದ್ದೆವು. ಆ ಪೆನ್ ಡ್ರೈವನ್ನು ಮಗ ಅಳಿಸಿ ವಾಪಸು ಕೊಟ್ಟಿದ್ದಾನೆ, ಇವತ್ತು ಊರಿನ ಫೋಟೋಗಳನ್ನು ತುಂಬಿಸುತ್ತಿದ್ದೇನೆ.